ಕಿರುನಾಲಿಗೆ

ಏಳನೆಯ ಬಟ್ಟಲಿನ ಗುಟುಕನ್ನು ಉಗುಳಿದ ಮೇಲೆ ಅವನಿಗೆ ನೆನಪಾಯಿತು: ಹನ್ನೊಂದಕ್ಕೆ ಆಸ್ಪತ್ರೆಗೆ ಹೋಗಬೇಕು. ಮರೆತಿರಲಿಲ್ಲ. ಮರೆತಂತೆ ಇರಲು ಬೆಳಗಿನಿಂದ ಪ್ರಯತ್ನಿಸುತ್ತಿದ್ದ, ಅಷ್ಟೆ.

"ಆರೂ ಮುಕ್ಕಾಲು," ಎಂದ. "ಒದ್ದೆ ಗೋಣಿಯ ವಾಸನೆ. ಒಣಗಿಸೋದು ಎರಡು ದಿನ ತಡ ಮಾಡಿದಾರೆ."

ಗುಮಾಸ್ತ ಬರೆದುಕೊಂಡ. ಉದ್ದನೆಯ ಬಿಳಿ ಮೇಜು, ಹನ್ನೆರಡು ಬಿಳಿ ಬಟ್ಟಲು, ಗೋಡೆಯೂ ಬಿಳಿ. ಚಮಚದಲ್ಲಿ ಎತ್ತಬೇಕು, ಸೊರ್ರೆಂದು ಹೀರಬೇಕು, ನಾಲಿಗೆಯ ಹಿಂದಕ್ಕೊಮ್ಮೆ ಹಾಯಿಸಿ ಮೂಗಿನಿಂದ ಉಸಿರು ಬಿಡಬೇಕು, ಕಾಲ ಬಳಿಯ ತಗಡಿನ ಡಬ್ಬಿಗೆ ಉಗುಳಬೇಕು, ಅಂಕ ಹೇಳಬೇಕು. ಹತ್ತಕ್ಕೆ ಇಷ್ಟು. ಆ ಅಂಕದ ಮೇಲೆ ಕಾಫಿಬೀಜದ ಮೂಟೆಗಳು ಹಡಗು ಹತ್ತುತ್ತಿದ್ದವು ಅಥವಾ ಹಿಂತಿರುಗುತ್ತಿದ್ದವು.

ದಿನಕ್ಕೆ ಅರವತ್ತು ಬಟ್ಟಲು, ಇಪ್ಪತ್ತನಾಲ್ಕು ವರ್ಷ. ಒಂದನ್ನೂ ನುಂಗಿರಲಿಲ್ಲ. ಅರವತ್ತನ್ನೂ ನುಂಗಿದವನ ಕೈ ಮಧ್ಯಾಹ್ನದ ಹೊತ್ತಿಗೆ ಎಲೆಯಂತೆ ನಡುಗುತ್ತದೆ. ಹಾಗಾಗಿ ಅದು ಕೆಲಸದ ನಿಯಮ. ಮನೆಯಲ್ಲೂ ಹೊರಗೂ ಅದೇ ನಿಯಮವಾಯಿತು. ಯಾರದಾದರೂ ಮನೆಗೆ ಹೋದರೆ ಕಾಫಿ ತಂದು ಕೊಟ್ಟವರು ಅವನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ಫಲಿತಾಂಶದ ಹಲಗೆಯ ಮುಂದೆ ನಿಂತ ವಿದ್ಯಾರ್ಥಿಗಳಂತೆ. ಅವನು ತುಟಿ ತಾಗಿಸಿ "ಚೆನ್ನಾಗಿದೆ" ಎನ್ನುತ್ತಿದ್ದ. ಅವರು ಒಳಗೆ ಹೋದಾಗ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದ. ಊರಿನ ಎಷ್ಟೋ ಕಿಟಕಿಗಳಲ್ಲಿ ಅವನ ಕಾಫಿ ಆರಿ ಕೂತಿತ್ತು.

ಕಚೇರಿಯಲ್ಲಿ ಅವನಿಗೆ ಹೆಸರಿರಲಿಲ್ಲ, ನಾಲಿಗೆ ಇತ್ತು. "ನಾಲಿಗೆ ಬಂದ್ರಾ?" ಎಂದು ಮಾಲೀಕರೇ ಕೇಳುತ್ತಿದ್ದರು. ಅವನಿಗೆ ಮುಂಚೆ ಆ ಹೆಸರು ಅವನ ಗುರುಗಳದಾಗಿತ್ತು. ಆಗ ಇವನು ಕಿರುನಾಲಿಗೆ. ಗಂಟಲಿನ ಬಾಗಿಲಲ್ಲಿ ಯಾವ ಕೆಲಸಕ್ಕೂ ಇಲ್ಲದಂತೆ ನೇತಾಡುವ ಆ ತುಂಡು ಮಾಂಸ. ಗುರುಗಳೇ ಇಟ್ಟ ಹೆಸರು. ಇಟ್ಟ ದಿನ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಬೆಳಿಗ್ಗೆ ಅವನು ಬೂಟಿನ ದಾರ ಕಟ್ಟುತ್ತಿದ್ದಾಗ ಹೆಂಡತಿ ಬಾಗಿಲ ಹತ್ತಿರ ನಿಂತು ಹೇಳಿದ್ದಳು:

"ಹನ್ನೊಂದಕ್ಕೆ ಬರ್ತೀರಾ? ನಿಮ್ಮ ಗುರುಗಳಿಗೆ ಇವತ್ತು ಮೊದಲನೇ ಸಲ ಬಾಯಿಂದ ಕೊಡ್ತಿದೀವಿ."

"ನನ್ನಿಂದ ಅಲ್ಲೇನು ಕೆಲಸ?"

"ಕೆಲಸ ಏನೂ ಇಲ್ಲ. ಅವರು ಕೇಳಿದಾರೆ."

"ನನ್ನನ್ನಾ?"

"ಕಾಫಿ ಕೇಳಿದಾರೆ. ನಿಮ್ಮನ್ನೂ ಕೇಳಿದಾರೆ."

ದಾರ ಕಟ್ಟಿ ಮುಗಿದಿತ್ತು. ಅವನು ಬಿಚ್ಚಿ ಮತ್ತೆ ಕಟ್ಟಿದ್ದ.

ಪಾರ್ಶ್ವವಾಯು ಹೊಡೆದವರಿಗೆ, ಗಂಟಲಿನ ಶಸ್ತ್ರಚಿಕಿತ್ಸೆ ಆದವರಿಗೆ ಮತ್ತೆ ನುಂಗುವುದನ್ನು ಕಲಿಸುವುದು ಹೆಂಡತಿಯ ಕೆಲಸ. ಅದಕ್ಕೊಂದು ಓದು, ಪದವಿ, ಬಿಳಿ ಕೋಟು ಎಲ್ಲ ಇತ್ತು. "ನಾನು ಉಗಿಯೋನು, ಇವಳು ನುಂಗಿಸೋಳು. ಲೆಕ್ಕ ಸರಿಹೋಯ್ತು," ಎಂದು ಅವನು ನಾಲ್ಕು ಜನ ಸೇರಿದಲ್ಲೆಲ್ಲ ಹೇಳುತ್ತಿದ್ದ. ಜನ ನಗುತ್ತಿದ್ದರು. ಮೊದಮೊದಲು ಅವಳೂ ನಗುತ್ತಿದ್ದಳು.

ಎಂಟನೆಯ ಬಟ್ಟಲಿಗೆ ಚಮಚ ಹಾಕಿದವನು ಹಾಗೇ ಬಿಟ್ಟ.

"ಉಳಿದದ್ದು ಆಮೇಲೆ," ಎಂದ ಗುಮಾಸ್ತನಿಗೆ. "ಮೊನ್ನೆ ಒಂಬತ್ತೂ ಕಾಲು ಬಂತಲ್ಲ, ಆ ಬೀಜ ಒಂದು ಹಿಡಿ ಪುಡಿ ಮಾಡಿಸಿ ಕೊಡಿ."

"ಮನೆಗಾ ಸರ್?" ಗುಮಾಸ್ತನಿಗೆ ಆಶ್ಚರ್ಯವಾಗಿತ್ತು.

"ಅಲ್ಲ."

*

ಹನ್ನೊಂದು ವರ್ಷದ ಹಿಂದೆ ಒಂದು ಇಡೀ ಹಡಗಿನ ಸರಕು ತಿರಸ್ಕೃತವಾಗಿ ಬಂದಿತ್ತು. ಇವನು ರಜೆಯಲ್ಲಿದ್ದ ವಾರ ಗುರುಗಳು ಎಂಟೂವರೆ ಕೊಟ್ಟಿದ್ದ ಸರಕು. ಮಾಲೀಕರು ಪರೀಕ್ಷೆ ಇಡಿಸಿದರು. ಮೂರು ಮೂರು ಬಟ್ಟಲು, ಅದರಲ್ಲಿ ಎರಡು ಒಂದೇ, ಒಂದು ಬೇರೆ. ಬೇರೆ ಯಾವುದು ಹೇಳಬೇಕು. ಐದು ಸುತ್ತು. ಪರೀಕ್ಷೆ ನಡೆಸಿ ವರದಿ ಬರೆಯಬೇಕಾದವನು ಇವನು.

ಗುರುಗಳು ಅವತ್ತು ಕರವಸ್ತ್ರ ಹಿಡಿದುಕೊಂಡೇ ಬಂದಿದ್ದರು. ಬಾಗಿಲಲ್ಲೇ ಎರಡು ಸಲ ಸೀನಿದರು. ಮೇಜಿಗೆ ಬರುವಾಗ ಮತ್ತೊಂದು ಸಲ. ಐದರಲ್ಲಿ ಮೂರು ತಪ್ಪು ಹೇಳಿದರು.

ಇವನು ಬರೆದ: ಐದರಲ್ಲಿ ಮೂರು ತಪ್ಪು. ಅದರ ಕೆಳಗೆ 'ವಿಶೇಷ ಸೂಚನೆ' ಎಂದು ಒಂದು ಜಾಗವಿತ್ತು. ನೆಗಡಿಯಾಗಿದೆ, ಮರುಪರೀಕ್ಷೆ ಮಾಡಬಹುದು ಎಂದು ಬರೆಯಬಹುದಿತ್ತು. ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಒಂದು ಶಾಯಿಯ ಚುಕ್ಕೆಯೂ ಬಿತ್ತು. ಜಾಗವನ್ನು ಖಾಲಿ ಬಿಟ್ಟು ಸಹಿ ಮಾಡಿದ.

ವರದಿಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಈ ಮಾತನ್ನು ಅವನು ತನಗೇ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ ಅದು ಈಗ ನಾಲಿಗೆಯ ಮೇಲೆ ಸವೆದುಹೋಗಿತ್ತು. ತಿಂಗಳೊಳಗೆ ಗುರುಗಳು ಮನೆಗೆ ಹೋದರು. ಅವರ ಕೋಣೆ ಇವನಿಗೆ ಬಂತು. ಹೆಸರಿನಿಂದ 'ಕಿರು' ಉದುರಿತು.

ಆಮೇಲೆ ಅವರನ್ನು ಒಂದೇ ಸಲ ನೋಡಿದ್ದ, ಪೇಟೆಯ ಜನಜಂಗುಳಿಯಲ್ಲಿ. ಎದುರಿಗೇ ಬರುತ್ತಿದ್ದರು. ಇವನು ತಟ್ಟನೆ ಪಕ್ಕದ ಚಪ್ಪಲಿ ಅಂಗಡಿಗೆ ನುಗ್ಗಿ, ಕಾಲಿಗೊಂದು ಅಳತೆ ಸಣ್ಣದಾದ ಬೂಟು ಕೊಂಡುಕೊಂಡು ಬಂದ. ಅದನ್ನು ಆರು ತಿಂಗಳು ಹಾಕಿಕೊಂಡಿದ್ದ. ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದುಹೋಯಿತು. "ಬದಲಾಯಿಸಬಾರದಾ?" ಎಂದು ಹೆಂಡತಿ ಕೇಳಿದ್ದಳು. ಹೊಂದಿಕೊಳ್ಳುತ್ತೆ ಎಂದಿದ್ದ.

*

ಮೂರನೆಯ ಮಹಡಿಗೆ ಮೆಟ್ಟಿಲು ಹತ್ತಿ ಹೋದ. ತಡವಾಗಲಿ ಎಂಬ ಆಸೆ ಇತ್ತೇನೋ. ಆದರೆ ಹನ್ನೊಂದಕ್ಕೆ ಇನ್ನೂ ಐದು ನಿಮಿಷವಿತ್ತು.

ಹಾಸಿಗೆಯಲ್ಲಿ ಕೂತಿದ್ದವರನ್ನು ಅವನು ಮೊದಲು ಗುರುತಿಸಲಿಲ್ಲ. ದೊಡ್ಡ ದೇಹದ, ದೊಡ್ಡ ದನಿಯ ಮನುಷ್ಯ. ಈಗ ದಿಂಬುಗಳ ನಡುವೆ ಯಾರೋ ಮಡಚಿಟ್ಟ ಅಂಗಿಯಂತಿದ್ದರು. ಬಲಗಡೆಯ ಕೆನ್ನೆ, ತುಟಿ, ಕೈ ಎಲ್ಲ ಜೋತುಬಿದ್ದಿದ್ದವು. ಮೂಗಿನಲ್ಲಿ ನಳಿಗೆ. ಎಡಗಣ್ಣು ಮಾತ್ರ ಹಳೆಯದೇ.

"ಇವರೇನಾ?" ಎಂದಳು ನರ್ಸು, ಅವನನ್ನು ಮೇಲಿಂದ ಕೆಳಗೆ ನೋಡಿ. "ಅಯ್ಯೋ ಸರ್, ನಿಮ್ಮಿಂದ ನಮಗೆ ಒಂದು ದಿನ ಇಡೀ ತಲೆಕೆಟ್ಟು ಹೋಗಿತ್ತು. ತಾತ ಅಕ್ಷರದ ಹಲಗೆ ಮೇಲೆ ಒಂದೊಂದೇ ತೋರಿಸಿದ್ರು. ಕಿ, ರು, ನಾ, ಲಿ, ಗೆ. ಗಂಟಲು ನೋವು ಅಂದ್ಕೊಂಡ್ವಿ. ಡಾಕ್ಟರು ಟಾರ್ಚ್ ಹಾಕಿ ನೋಡಿದ್ರು, ಎಲ್ಲಾ ಸರಿಯಾಗಿದೆ. ತಾತ ಮತ್ತೆ ಅದೇ. ಕೊನೆಗೆ ಮೇಡಂ ಬಂದು, 'ಅದು ಗಂಟಲಲ್ಲ, ನಮ್ಮನೆಯವರು' ಅಂದ್ರು."

ಗುರುಗಳ ಎಡಗೆನ್ನೆ ನಕ್ಕಿತು. ಬಲಗೆನ್ನೆಗೆ ಸುದ್ದಿ ತಲುಪಲಿಲ್ಲ.

"ನಮಸ್ಕಾರ ಸರ್," ಎಂದ ಅವನು. ಬೇರೇನಾದರೂ ಹೇಳಬೇಕಿತ್ತು. ಬಾಯಿ ತೆರೆದರೆ, "ಹೇಗಿದೀರಿ?" ಎಂಬ ಮಾತು ಬಂತು.

ಹೆಂಡತಿ ತಟ್ಟೆ ಹಿಡಿದು ಒಳಗೆ ಬಂದಳು. ಬಿಳಿ ಕೋಟಿನಲ್ಲಿ, ಕೂದಲನ್ನು ಎತ್ತಿ ಕಟ್ಟಿಕೊಂಡಿದ್ದಳು. ಅವಳು ಕೆಲಸ ಮಾಡುವ ಜಾಗಕ್ಕೆ ಅವನು ಬಂದು ಎಷ್ಟೋ ವರ್ಷಗಳಾಗಿದ್ದವು. ಮನೆಯಲ್ಲಿ ಅವಳ ನಡಿಗೆಗೆ ಸದ್ದಿರಲಿಲ್ಲ. ಇಲ್ಲಿ ಇತ್ತು.

ಅವನು ಪೊಟ್ಟಣ ಮುಂದೆ ಚಾಚಿದ. "ಈ ವರ್ಷದ ಅತ್ಯುತ್ತಮ. ಒಂಬತ್ತೂ ಕಾಲು. ಈಗ ತಾನೇ ಪುಡಿ ಮಾಡಿಸಿದ್ದು."

"ಅಲ್ಲಿಡಿ. ಸಿಸ್ಟರ್ಸ್ ಕುಡೀತಾರೆ."

"ಇವರಿಗೆ ಅಂತ ತಂದೆ."

"ಇವರಿಗೆ ಮಾಡಿ ಆಗಿದೆ."

ಬಟ್ಟಲಲ್ಲಿ ಇದ್ದದ್ದನ್ನು ಅವನು ನೋಡಿದ. ಅಂಗಡಿಯಲ್ಲಿ ಸಿಗುವ, ಬಿಸಿನೀರಿಗೆ ಕದಡುವ ಪುಡಿ. ಹಾಲು ಜಾಸ್ತಿ. ನೀರಿನಂತಿದ್ದರೆ ಗಂಟಲು ತಪ್ಪಿ ಶ್ವಾಸಕ್ಕಿಳಿಯುತ್ತದೆಂದು ಅದಕ್ಕೆ ಗಟ್ಟಿ ಮಾಡುವ ಪುಡಿಯೊಂದನ್ನು ಹಾಕಿ ಗಂಜಿಯಂತೆ ಮಾಡಿದ್ದಳು. ಚಮಚ ಓರೆ ಮಾಡಿದರೆ ಯೋಚನೆ ಮಾಡಿ ಬೀಳುತ್ತಿತ್ತು. ಉಗುರುಬೆಚ್ಚಗಿತ್ತು. ಮೇಲೆ ತೆಳುವಾಗಿ ಕೆನೆ ಕಟ್ಟಿತ್ತು. ಮೂರೂ ಮುಕ್ಕಾಲು ಎಂದಿತು ತಲೆ, ಯಾರೂ ಕೇಳದೆಯೇ.

ಅವಳು ಒಂದು ಹನಿಯನ್ನು ತನ್ನ ಮಣಿಕಟ್ಟಿನ ಮೇಲೆ ಹಾಕಿ ನೋಡಿಕೊಂಡಳು. ಹಾಸಿಗೆಯ ಪಕ್ಕ ಕೂತಳು.

"ಗದ್ದ ಕೆಳಗೆ. ಹಾಂ, ಹಾಗೆ. ಬಾಯಲ್ಲಿಟ್ಟುಕೊಂಡು ಆಟ ಆಡಬಾರದು. ನಿಮ್ಮ ಹಳೇ ಚಾಳಿ ನಂಗೊತ್ತು. ನಾನು ಹೇಳಿದ ತಕ್ಷಣ ನುಂಗಬೇಕು."

ಗುರುಗಳು ಎಡಗಣ್ಣು ಮಿಟುಕಿಸಿದರು. ಚಮಚ ಒಳಗೆ ಹೋಗಿ ಖಾಲಿಯಾಗಿ ಹೊರಗೆ ಬಂತು.

"ಈಗ," ಎಂದಳು.

ನರ್ಸು ನೆತ್ತಿಗೆ ಹತ್ತಿದರೆ ಹೀರಿ ತೆಗೆಯಲೆಂದು ಕೊಳವೆಯ ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟುಕೊಂಡಿದ್ದಳು. ಅವನು ಬಟ್ಟಲನ್ನೇ ನೋಡುತ್ತಿದ್ದ. ಕೆನೆ ಒಡೆದು ಎರಡು ದ್ವೀಪಗಳಾಗಿತ್ತು.

"'ಆ' ಅನ್ನಿ," ಎಂದಳು ಹೆಂಡತಿ.

"ಆ."

ದನಿ ಒಣಗಿತ್ತು, ಸ್ವಚ್ಛವಾಗಿತ್ತು. ಅಂದರೆ ಇಳಿಯಬೇಕಾದಲ್ಲಿಗೇ ಇಳಿದಿತ್ತು.

"ಎಪ್ಪತ್ತೆರಡು ದಿನ ಆಗಿತ್ತು," ಎಂದಳು ನರ್ಸು, ಯಾರಿಗೆಂದಿಲ್ಲದೆ. ಅವಳ ಕಣ್ಣಲ್ಲಿ ನೀರಿತ್ತು. ಗುರುಗಳು ಕಣ್ಣು ಮುಚ್ಚಿಕೊಂಡಿದ್ದರು. ಮುಚ್ಚಿದ ರೆಪ್ಪೆಯಡಿ ಏನೋ ನಡೆಯುತ್ತಿತ್ತು. ಹಿಂದೆ ಅಪರೂಪದ ಬೀಜವೊಂದು ಸಿಕ್ಕಾಗಲೂ ಅವರ ಮುಖ ಹೀಗೆ ಅರಳಿದ್ದನ್ನು ಅವನು ಕಂಡಿರಲಿಲ್ಲ.

ಐದು ಚಮಚ ಆಯಿತು. ಆರನೆಯದಕ್ಕೆ ಅವರು ಎಡಗೈ ಎತ್ತಿ ತಡೆದರು. ಬೆರಳು ಅವನ ಕಡೆ ತಿರುಗಿತು.

"ಅವ…ನಿಗೂ."

"ಅವರು ಕುಡಿಯಲ್ಲ," ಎಂದಳು ಹೆಂಡತಿ.

ಬೆರಳು ಕೆಳಗಿಳಿಯಲಿಲ್ಲ.

ಅವಳು ಎದ್ದು, ಪಾತ್ರೆಯಲ್ಲಿ ಉಳಿದಿದ್ದನ್ನು ಇನ್ನೊಂದು ಬಟ್ಟಲಿಗೆ ಬಗ್ಗಿಸಿ ಅವನ ಕೈಗೆ ಕೊಟ್ಟಳು. ಅವನ ಮುಖ ನೋಡಿ ಕೊಡಲಿಲ್ಲ. ಕೊಟ್ಟ ಮೇಲೆ ಒಮ್ಮೆ ನೋಡಿದಳು.

ಅವನು ನುಂಗಬೇಕೆಂದೇ ಇದ್ದ. ಇದನ್ನು ಆಮೇಲೆ ಅವನು ಯಾರಿಗೂ ಹೇಳಿ ನಂಬಿಸುವಂತಿರಲಿಲ್ಲ. ಬಟ್ಟಲು ತುಟಿಗೆ ಬಂದಾಗ ಮನಸ್ಸು ಪೂರ್ತಿ ಸಿದ್ಧವಾಗಿತ್ತು. ಆದರೆ ಬಾಯಿಗೆ ಬಿದ್ದ ಕೂಡಲೇ ಸೊರ್ರೆಂಬ ಸದ್ದು ತಾನಾಗಿ ಎದ್ದಿತು. ನಾಲಿಗೆ ತನ್ನ ಕೆಲಸ ಮಾಡಿತು, ಮೂಗು ಉಸಿರು ಬಿಟ್ಟಿತು, ಕಾಲುಗಳು ಮೂಲೆಯ ತೊಟ್ಟಿಯ ಕಡೆ ಎರಡು ಹೆಜ್ಜೆ ಹಾಕಿದವು. ಉಗುಳಿದ. ನಲ್ಲಿ ತಿರುಗಿಸಿದ. ಬಿಳಿ ತೊಟ್ಟಿಯ ಗೋಡೆಗೆ ಅಂಟಿಕೊಂಡಿದ್ದ ಕಂದು ಗಂಜಿ ಸುಲಭಕ್ಕೆ ಹೋಗಲಿಲ್ಲ. ಬೆರಳಿನಿಂದ ಉಜ್ಜಬೇಕಾಯಿತು.

ನೀರಿನ ಸದ್ದು ನಿಂತ ಮೇಲೆ ತಿರುಗಿದ. ಮೂವರೂ ಅವನನ್ನು ನೋಡುತ್ತಿದ್ದರು.

"ಎ…ಷ್ಟು?" ಎಂದರು ಗುರುಗಳು.

ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವನು ಸಂಖ್ಯೆಯನ್ನು ಹುಡುಕಬೇಕಾಯಿತು.

"ಹತ್ತು."

ಎಡಗಣ್ಣು ಅವನನ್ನು ಬಹಳ ಹೊತ್ತು ನೋಡಿತು.

"ಸು…ಳ್ಳು."

ನರ್ಸು ತಮಾಷೆಯೆಂದುಕೊಂಡು ನಕ್ಕಳು. ಹೆಂಡತಿ ಹಾಸಿಗೆಯ ತುದಿಯ ಹಾಳೆಯಲ್ಲಿ ಏನೋ ಬರೆಯುತ್ತಿದ್ದಳು. ಐದು ಚಮಚ, ಕೆಮ್ಮಿಲ್ಲ, ದನಿ ಸ್ಪಷ್ಟ. ಅವನು ಇಣುಕಿ ಓದಿದ. ಅವನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

*

ಹೊರಗಿನ ಕಾರಿಡಾರಿನಲ್ಲಿ ಅವಳನ್ನು ನಿಲ್ಲಿಸಿದ.

"ಬೇಕಂತ ಮಾಡಿದ್ದಲ್ಲ."

"ಗೊತ್ತು."

"ಅಭ್ಯಾಸ."

"ಗೊತ್ತು ರೀ."

"ಇಲ್ಲಿ ದಿನಾ ಕಾಫಿ ಮಾಡ್ತೀಯಾ?"

"ಬೇಕಾದವರಿಗೆ ಮಾಡ್ತೀನಿ. ಒಬ್ಬೊಬ್ಬರಿಗೆ ಒಂದೊಂದು ಥರ. ಒಬ್ಬರಿಗೆ ಹಾಲು ಕಂಡ್ರಾಗಲ್ಲ. ಒಬ್ಬರಿಗೆ ಸ್ಟೀಲ್ ಲೋಟದಲ್ಲೇ ಆಗಬೇಕು." ಅವಳ ಮುಖದಲ್ಲಿ ಒಂದು ಕ್ಷಣ ಏನೋ ಬೆಳಗಿ ಹೋಯಿತು. "ನೀರು ಕೊಟ್ರೆ ನುಂಗದವರು ಅದಾದ್ರೆ ನುಂಗ್ತಾರೆ. ನೆನಪಿರುತ್ತಲ್ಲ ಗಂಟಲಿಗೆ."

"ಮನೇಲಿ ಯಾವತ್ತೂ ಮಾಡಲ್ಲ."

"ನೀವು ಕೇಳಿಲ್ಲ."

"ನೀನೂ ಕೊಡಲಿಲ್ಲ."

"ಕೊಟ್ಟಿದ್ದೆ. ಒಂದು ಸಲ."

ಕೊಟ್ಟಿದ್ದಳು. ಇಪ್ಪತ್ತೊಂದು ವರ್ಷದ ಹಿಂದೆ, ಮದುವೆಯಾದ ಮಾರನೆಯ ಬೆಳಿಗ್ಗೆ. ಒದ್ದೆ ಕೂದಲು, ಕೈಯಲ್ಲಿ ನೀಲಿ ಅಂಚಿನ ಬಟ್ಟಲು. ಅವನು ಒಂದು ಗುಟುಕು ತೆಗೆದುಕೊಂಡು, ಕಣ್ಣು ಮುಚ್ಚಿ, ಗುರುಗಳ ಠೀವಿಯಲ್ಲಿ "ಆರೂವರೆ" ಎಂದಿದ್ದ. ಇಬ್ಬರೂ ನಕ್ಕಿದ್ದರು. ಮರುದಿನದಿಂದ ಮೇಜಿನ ಮೇಲೆ ಅವನಿಗೊಂದು ಲೋಟ ಬಿಸಿನೀರು ಇರುತ್ತಿತ್ತು. ಕೆಲಸಕ್ಕೆ ಹೋಗುವವನ ನಾಲಿಗೆ ಶುದ್ಧವಾಗಿರಲಿ ಎಂಬ ಕಾಳಜಿ ಎಂದು ಅವನು ಅರ್ಥ ಮಾಡಿಕೊಂಡಿದ್ದ. "ನನ್ನ ಹೆಂಡ್ತಿಗೆ ನನ್ನ ಕೆಲಸ ಚೆನ್ನಾಗಿ ಅರ್ಥ ಆಗುತ್ತೆ," ಎಂದು ಕಚೇರಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದ ಕೂಡ.

"ಅದು ತಮಾಷೆಗೆ ಅಂದಿದ್ದು," ಎಂದ.

"ಹೌದು. ನಾನೂ ನಕ್ಕೆ."

"ಮತ್ತೆ ಯಾಕೆ…"

"ಇವತ್ತಿನದು ನಿಜವಾಗ್ಲೂ ಎಷ್ಟು?"

ಅವಳು ಕಾದಳು. ಅವಳಿಗೆ ಕಾಯುವುದು ಗೊತ್ತಿತ್ತು, ಅದೇ ಅವಳ ಉದ್ಯೋಗ. ಕಾರಿಡಾರಿನ ತುದಿಯಲ್ಲಿ ಯಾರೋ ಬಕೆಟ್ಟು ಎಳೆದ ಸದ್ದಾಯಿತು.

"ನಾಲ್ಕನೇ ಹಾಸಿಗೆಯವರು ಕಾಯ್ತಿದಾರೆ," ಎಂದು ಹೊರಟಳು.

*

ಕಚೇರಿಗೆ ಹಿಂತಿರುಗುವುದು ಬಿಟ್ಟು ಅವನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತ. ಸಂದರ್ಶಕರ ವೇಳೆ ನಾಲ್ಕು ಗಂಟೆಗೆ. ಗುಮಾಸ್ತನ ಫೋನು ಬಂತು.

"ಸರ್, ಐದು ಬಟ್ಟಲು ಹಾಗೇ ಇವೆ. ಆರಿ ಹೋದವು. ಏನು ಮಾಡ್ಲಿ?"

"ಚೆಲ್ಲಿ."

"ಹುಷಾರಿಲ್ವಾ ಸರ್?"

"ಹುಷಾರಾಗಿದೀನಿ. ಚೆಲ್ಲಿ."

ಒಂದು ಕಾಫಿ ಹೇಳಿದ. ಸುತ್ತಲಿನ ಮೇಜುಗಳಲ್ಲಿ ರೋಗಿಗಳ ಮನೆಯವರು ಕೂತಿದ್ದರು. ಎಲ್ಲರ ಮುಂದೆಯೂ ಅದೇ ಕಾಫಿ. ಒಬ್ಬ ಹೆಂಗಸು ಎರಡೂ ಕೈಯಲ್ಲಿ ಲೋಟ ಹಿಡಿದು, ಕುಡಿಯದೆ, ಕೆನ್ನೆಗೆ ಒತ್ತಿಕೊಂಡಿದ್ದಳು. ಒಬ್ಬ ಮುದುಕ ಅರ್ಧ ಕುಡಿದು, ಉಳಿದರ್ಧವನ್ನು ಮುಚ್ಚಳವಿದ್ದ ಡಬ್ಬಿಗೆ ಸುರಿದುಕೊಳ್ಳುತ್ತಿದ್ದ. ಮೇಲಿನ ಮಹಡಿಯಲ್ಲಿ ಯಾರೋ ಇದ್ದರು ಅವನಿಗೆ.

ಅವನ ಲೋಟವೂ ಬಂತು. ನುಂಗುವುದೇನು ಮಹಾ. ಮೂಗು ಹಿಡಿದುಕೊಂಡ ಮಗುವಿನಂತೆ ಒಂದೇ ಉಸಿರಿಗೆ ಕುಡಿದ. ಕಣ್ಣಲ್ಲಿ ನೀರು ಬಂತು. ಗಂಟಲಿನಿಂದ ಎದೆಯವರೆಗೆ ಒಂದು ಬಿಸಿ ಗೆರೆ ಇಳಿದು ಮಾಯವಾಯಿತು. ಅವನು ಕಾದ. ಇಷ್ಟು ವರ್ಷ ತಡೆದಿಟ್ಟದ್ದು ಒಳಗೆ ಹೋದ ಮೇಲೆ ಏನಾದರೂ ಆಗಬೇಕಲ್ಲ ಎಂದು ಕಾದ. ಏನೂ ಆಗಲಿಲ್ಲ. ನಾಲ್ಕೂ ಕಾಲು, ಅಷ್ಟೆ. ಹುರಿದದ್ದು ಹೆಚ್ಚಾಗಿತ್ತು.

ನಾಲ್ಕಕ್ಕೆ ಮತ್ತೆ ಮೇಲೆ ಹೋದಾಗ ಕೋಣೆಯಲ್ಲಿ ಗುರುಗಳು ಒಬ್ಬರೇ ಇದ್ದರು. ಎಚ್ಚರವಾಗಿದ್ದರು. ಅವನು ಹೆಂಡತಿ ಕೂತಿದ್ದ ಕುರ್ಚಿಯಲ್ಲಿ ಕೂತ.

"ಸರ್, ಆ ಪರೀಕ್ಷೆ ದಿನ ನಿಮಗೆ ನೆಗಡಿ ಆಗಿತ್ತು. ನನಗೆ ಗೊತ್ತಿತ್ತು. ವರದೀಲಿ ಬರೀಬಹುದಿತ್ತು. ಬರೀಲಿಲ್ಲ."

ಹನ್ನೊಂದು ವರ್ಷ ಇಟ್ಟುಕೊಂಡಿದ್ದ ಮಾತು ಹೊರಗೆ ಬಂದ ಮೇಲೆ ಅಷ್ಟೇನೂ ಉದ್ದವಿರಲಿಲ್ಲ. ಬೈಗುಳಕ್ಕೆ ಅವನು ಸಿದ್ಧನಾದ. ಬೈದರೆ ಹಗುರಾಗುತ್ತದೆ ಎಂದೂ ಅನ್ನಿಸಿತು.

ಗುರುಗಳ ತುಟಿ ಬಹಳ ಕಷ್ಟಪಟ್ಟಿತು.

"ನೆಗಡಿ… ಇರ್ಲಿಲ್ಲ."

"ಸೀನ್ತಿದ್ರಿ ಸರ್. ಮೂರು ಸಲ."

"ನಾಟ…ಕ."

ಅವನಿಗೆ ಅರ್ಥವಾಗಲಿಲ್ಲ. ಅವರು ಎಡಗೈ ಎತ್ತಿ, ನಳಿಗೆ ಇಳಿಬಿಟ್ಟಿದ್ದ ಮೂಗನ್ನು ಮುಟ್ಟಿದರು.

"ಇದು… ಸತ್ತು… ಆಗ್ಲೇ… ಎರಡು ವರ್ಷ."

ಎರಡು ವರ್ಷ. ಅಂದರೆ ಆ ಪರೀಕ್ಷೆಗೂ ಮುಂಚಿನ ಎರಡು ವರ್ಷ ಅವರು ಏನನ್ನೂ ಮೂಸಿರಲಿಲ್ಲ. ಇವನು ಅವರ ಪಕ್ಕದಲ್ಲೇ ನಿಂತು, ಅವೇ ಬಟ್ಟಲುಗಳನ್ನು ಹೀರಿದ್ದ. "ಮೊದಲು ನೀನು ಹೇಳು, ಕಲೀಬೇಕಲ್ಲ," ಎನ್ನುತ್ತಿದ್ದರು. ಇವನು ಏಳು ಎಂದರೆ ಅವರು ಒಂದು ಕ್ಷಣ ಯೋಚಿಸಿ "ಏಳೂ ಕಾಲು" ಎನ್ನುತ್ತಿದ್ದರು. ತನ್ನ ಮಾತಿಗೆ ಬೆಲೆ ಬಂತೆಂದು ಇವನು ಉಬ್ಬಿದ್ದ. ಒದ್ದೆ ಗೋಣಿಯ ವಾಸನೆಯನ್ನು, ಎರಡು ದಿನದ ತಡವನ್ನು ಹಿಡಿಯಬಲ್ಲವನಿಗೆ ಮೊಣಕೈ ತಾಗುವಷ್ಟು ಹತ್ತಿರ ನಿಂತ ಮನುಷ್ಯ ಕಂಡಿರಲಿಲ್ಲ.

"ನಿನಗೆ… ಗೊತ್ತು… ಅಂದ್ಕೊಂಡಿದ್ದೆ." ಒಂದೊಂದು ಪದಕ್ಕೂ ಗುರುಗಳು ಉಸಿರು ಎಳೆದುಕೊಳ್ಳುತ್ತಿದ್ದರು. "ಗೊತ್ತಿದ್ದೂ… ಮೊದಲು ಹೇಳಿ… ನನ್ನ ಮಾನ… ಕಾಪಾಡ್ತಿದೀಯ… ಅಂತ."

ಅವನು ತಲೆ ತಗ್ಗಿಸಿದ.

"ಅದಕ್ಕೇ… ಸೀನಿದ್ದು. ನಿನಗೆ… ಬರೆಯೋಕೆ… ಒಂದು ನೆಪ… ಇರ್ಲಿ ಅಂತ."

ಕೋಪವಿರಲಿಲ್ಲ ಆ ದನಿಯಲ್ಲಿ. ಕೋಪಕ್ಕೆ ಬೇಕಾದಷ್ಟು ಉಸಿರು ಇರಲಿಲ್ಲವೋ ಏನೋ. ಎರಡು ವರ್ಷ ಅವರು ಇವನನ್ನು ಒಂದು ದೊಡ್ಡ ಉಪಕಾರಕ್ಕಾಗಿ ಪ್ರೀತಿಸಿದ್ದರು. ಇವನು ಆ ಉಪಕಾರ ಮಾಡಿಯೇ ಇರಲಿಲ್ಲ. ಹನ್ನೊಂದು ವರ್ಷ ಹೊತ್ತ ತಪ್ಪೂ ಈಗ ತಾನಂದುಕೊಂಡ ತಪ್ಪಾಗಿರಲಿಲ್ಲ. ಅದಾದರೂ ತನ್ನದು ಎಂದುಕೊಂಡಿದ್ದ.

"ಹಾಗಾದ್ರೆ," ಎಂದ, ಏನಾದರೂ ಕೇಳಬೇಕೆಂದು, "ಬೆಳಿಗ್ಗೆ ಆ ಕಾಫಿ… ಏನೂ ಗೊತ್ತಾಗ್ಲಿಲ್ವಾ ನಿಮಗೆ?"

"ಮಣ್ಣು."

"ಕಣ್ಣು ಮುಚ್ಕೊಂಡ್ರಲ್ಲ. ಅಷ್ಟು ಖುಷಿ…"

ಗುರುಗಳ ಎಡಗೈ ಹೊದಿಕೆಯ ಮೇಲೆ ತೆವಳುತ್ತ ಬಂದು, ನಿಧಾನವಾಗಿ ಎದ್ದು, ಅವರದೇ ಗಂಟಲ ಮೇಲೆ ನಿಂತಿತು.

"ನಾನು… ನುಂಗುವಾಗ… ನಿನ್ನ ಹೆಂಡ್ತಿ… ಅವಳೂ ನುಂಗಿದ್ಲು. ಬಾಯಲ್ಲಿ… ಏನೂ ಇಲ್ದೆ. ಪ್ರತಿ… ಸಲ." ಬೆರಳು ಗಂಟಲ ಮೇಲೆ ಏರಿತು, ಇಳಿಯಿತು. "ನೀ… ನೋಡ್ಲಿಲ್ವ?"

ಅವನು ನೆನಪಿಸಿಕೊಳ್ಳಲು ನೋಡಿದ. ಅವಳು ಅವನಿಂದ ಎರಡಡಿ ದೂರದಲ್ಲಿ ಕೂತಿದ್ದಳು. ಬಿಳಿ ಕೋಟಿನ ಕೊರಳಪಟ್ಟಿ ನೆನಪಿಗೆ ಬಂತು. ಅದರ ಮೇಲೆ ಗಂಟಲು ಇರಲೇಬೇಕು. ಎಷ್ಟು ಯತ್ನಿಸಿದರೂ ಆ ಜಾಗದಲ್ಲಿ ಏನೂ ಮೂಡಲಿಲ್ಲ. ಕೆನೆ ಮಾತ್ರ ಸ್ಪಷ್ಟವಾಗಿತ್ತು. ಎರಡು ದ್ವೀಪ. ಮೂರೂ ಮುಕ್ಕಾಲು.

"ನೋಡ್ಲಿಲ್ಲ ಸರ್," ಎಂದ.

ಅವರು ಆಗಲೇ ನಿದ್ದೆಗೆ ಜಾರುತ್ತಿದ್ದರು. ಅಥವಾ ಇವನನ್ನು ಕಳಿಸಲು ಕಣ್ಣು ಮುಚ್ಚಿದ್ದರು. ಯಾವುದೆಂದು ತಿಳಿಯುವ ಜಾಣತನ ತನಗಿದೆಯೆಂಬ ನಂಬಿಕೆ ಅವನಿಗೆ ಈಗ ಇರಲಿಲ್ಲ.

ನರ್ಸು ಬಂದು ವೇಳೆ ಮುಗಿಯಿತೆಂದಳು.

"ನಮ್ಮನೆಯವಳು ಎಲ್ಲಿದಾಳೆ?"

"ಮೇಡಂ ಆಗಲೇ ಹೊರಟ್ರಲ್ಲ ಸರ್. ನೀವಿಲ್ಲೇ ಇದೀರಿ ಅಂತ ಹೇಳಿದ್ದೆ. ಸರಿ ಅಂದ್ರು."

"ಬೇರೇನಾದ್ರೂ ಹೇಳಿದ್ಲಾ?"

ನರ್ಸು ಯೋಚಿಸಿದಳು. "ಇಲ್ಲ. ಸರಿ ಅಂದ್ರು ಅಷ್ಟೆ."

ಅವನು ಕಾರಿಡಾರಿನ ಕೊನೆಗೆ ನಡೆದು ಲಿಫ್ಟಿನ ಹತ್ತಿರ ಹೋದ. ಅಲ್ಲಿ ಯಾರೂ ಇರಲಿಲ್ಲ. ಯಾರೋ ಒಂದು ಖಾಲಿ ಗಾಲಿಕುರ್ಚಿಯನ್ನು ಹೊಸ್ತಿಲ ಮೇಲೆ ಬಿಟ್ಟು ಹೋಗಿದ್ದರು. ಮುಂದಿನ ಗಾಲಿಗಳು ಒಳಗೆ, ಹಿಂದಿನವು ಹೊರಗೆ. ಎರಡೂ ಕಡೆಯಿಂದ ಲಿಫ್ಟಿನ ಬಾಗಿಲುಗಳು ಮುಚ್ಚಲು ಬಂದು, ಕುರ್ಚಿಗೆ ತಾಗಿ, ತಡೆದು, ಹಿಂದೆ ಸರಿಯುತ್ತಿದ್ದವು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರುತ್ತಿದ್ದವು. ಒಳಗಿನ ದೀಪ ಉರಿಯುತ್ತಿತ್ತು. ಕೆಳಗಿನ ಯಾವುದೋ ಮಹಡಿಯಲ್ಲಿ ಜನ ಕಾಯುತ್ತಿದ್ದರು. ಬಾಗಿಲು ತಟ್ಟುವುದು, "ಮೇಲೆ ಯಾರ್ರೀ ಇರೋದು?" ಎನ್ನುವುದು ಕೇಳಿಸುತ್ತಿತ್ತು.

ಅವನು ಕುರ್ಚಿಯ ಹಿಡಿಯ ಮೇಲೆ ಎರಡೂ ಕೈಯಿಟ್ಟ. ಒಂದಿಷ್ಟು ನೂಕಿದರೆ ಒಳಗೆ ಹೋಗುತ್ತಿತ್ತು. ಒಂದಿಷ್ಟು ಎಳೆದರೆ ಹೊರಗೆ ಬರುತ್ತಿತ್ತು. ಕೈಗಳು ಅಲ್ಲೇ ಇದ್ದವು. ಬಾಗಿಲುಗಳು ಬಂದು, ಮೆತ್ತಗೆ ತಾಗಿ, ಮತ್ತೆ ತೆರೆದುಕೊಂಡವು.